ನೋವು ಒಪ್ಪಿಸುವ ಶಾಸ್ತ್ರ

ರೊಟ್ಟಿಯ ಅಂಚು ಎದ್ದಿತ್ತು. ಇನ್ನೇನು ಮಗುಚಬೇಕು, ಅಷ್ಟರಲ್ಲಿ ನನ್ನ ಎಡಗಾಲಿನ ಹೆಬ್ಬೆರಳು ಸಿಡಿದುಹೋಯಿತು. ಬೆರಳಿಗೆ ಏನೂ ಆಗಿರಲಿಲ್ಲ. ಎಂದಿನ ಹಾಗೆ, ಉಗುರಿನ ಪಕ್ಕ ಅರಿಸಿನದ ಕಲೆ ಇಟ್ಟುಕೊಂಡು ತನ್ನ ಜಾಗದಲ್ಲೇ ಇತ್ತು. ನೋವು ಮಾತ್ರ ಬಂದಿತ್ತು. ಮೊದಲು ಒಲೆ ಆರಿಸಬೇಕು, ಕಾದದ್ದನ್ನು ದೂರ ಸರಿಸಬೇಕು, ಕಂಕುಳಲ್ಲಿ ಮಗುವಿದ್ದರೆ ಕೆಳಗಿಳಿಸಬೇಕು, ಆಮೇಲೆ ಕೂಗಿಕೊಳ್ಳಬೇಕು. ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಅಡುಗೆ ಕಲಿಸುವ ಮುಂಚೆ ಇದನ್ನು ಕಲಿಸುತ್ತಾರೆ. ನಾನು ಒಲೆ ಆರಿಸಿದೆ, ಹೆಂಚನ್ನು ಹಿಂದಕ್ಕೆ ತಳ್ಳಿದೆ, ಗೋಡೆಗೆ ಒರಗಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೋವಿಯ ಈಡಿನ ಸದ್ದು ಕೇಳಿಸಿದ್ದು ಅದಾದ ಮೇಲೆ, ದೂರದಲ್ಲಿ, ಯಾರೋ ತಗಡಿನ ಮೇಲೆ ಕಲ್ಲು ಎಸೆದ ಹಾಗೆ. ಸದ್ದಿಗಿಂತ ನೋವಿಗೆ ಅವಸರ ಜಾಸ್ತಿ.

ಬಂದ ನೋವು ಯಾರದು ಅಂತ ತಿಳಿಯುವುದಕ್ಕೆ ನನಗೆ ಯಾರೂ ಬಂದು ಹೇಳಬೇಕಾಗಿಲ್ಲ. ಗಂಡನ ನೋವು ಹೊರಗಿನಿಂದ ಬರುತ್ತದೆ, ಬಾಗಿಲು ತಟ್ಟದೆ ಒಳಗೆ ನುಗ್ಗುವ ನೆಂಟನ ಹಾಗೆ. ಮಗನದು ಒಳಗಿನಿಂದ ಏಳುತ್ತದೆ. ಕಿಬ್ಬೊಟ್ಟೆಯನ್ನು ಒಂದು ಸಲ ಹಿಂಡಿ ಆಮೇಲೆ ಕಾಲಿಗೆ ಇಳಿಯುತ್ತದೆ. ಇದು ಕಂಠೀರವನದು.

ಪಕ್ಕದ ಮನೆಯ ಸಿದ್ಲಿಂಗಮ್ಮ ಹಿತ್ತಿಲ ಬಾಗಿಲಿನಿಂದ ಬಂದಳು. ಅವಳು ಯಾವಾಗಲೂ ಎಡಗೈಯಲ್ಲಿ ಬಲ ಪಕ್ಕೆಯನ್ನು ಒತ್ತಿ ಹಿಡಿದುಕೊಂಡೇ ನಡೆಯುವುದು. ಬಂದವಳು ಏನಾಯಿತು ಅಂತ ಕೇಳಲಿಲ್ಲ. ನಮ್ಮೂರಿನಲ್ಲಿ ಹಾಗೆ ಕೇಳುವ ರೂಢಿ ಇಲ್ಲ.

"ಯಾರ್ದು?" ಅಂದಳು.

"ಮಗಂದು."

"ಎಡಗಾಲಾ?"

"ಇನ್ಯಾವ್ದು."

"ಸದ್ಯ, ಮಂಡಿ ಉಳೀತು," ಅಂದು ಅವಳು ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚಿದಳು. "ಮದುವೆ ಗಂಡು. ಹಸೆಗೆ ಕೂರೋ ಮುಂಚೆ ಬೆರಳು ಕೊಟ್ಟ ಅಂತ ಊರೆಲ್ಲ ಹೊಗಳುತ್ತೆ ನೋಡು. ನೀನು ಇಲ್ಲೇ ಕೂತು ಕೇಳಿಸ್ಕೊ."

ನಮ್ಮ ಊರಿಗೆ ಸುತ್ತಲೂ ಕಲ್ಲಿನ ಗೋಡೆ ಇದೆ. ಗೋಡೆಯಾಚೆ ಬಯಲು, ಬಯಲಲ್ಲಿ ಜಾಲಿ ಮುಳ್ಳು, ಗಾಳಿ. ಆ ಕಡೆಯಿಂದ ಒಂದು ದಿನ ಶತ್ರು ಬರುತ್ತಾನೆ ಅನ್ನುವುದು ಹಿರಿಯರ ಮಾತು. ಯಾವ ಶತ್ರು, ನಮ್ಮಿಂದ ಅವನಿಗೆ ಏನು ಬೇಕು ಅಂತ ಈಗ ಹೇಳುವವರು ಯಾರೂ ಉಳಿದಿಲ್ಲ. ಆದರೂ ಮೀಸೆ ಮೂಡಿದ ಪ್ರತಿಯೊಬ್ಬ ಗಂಡಸೂ ಸರದಿಯ ಪ್ರಕಾರ ಕೋವಿ ಹಿಡಿದು ಗೋಡೆಯ ಮೇಲೆ ನಿಲ್ಲುತ್ತಾನೆ. ಕೋವಿಗೆ ಮರ್ಯಾದೆಗಳಿವೆ. ಅದರ ಮೂತಿಯನ್ನು ನೆಲಕ್ಕೆ ತೋರಿಸಬಾರದು, ಅದು ತಾಯಿ. ಆಕಾಶಕ್ಕೆ ತೋರಿಸಬಾರದು, ಅಲ್ಲಿ ದೇವರು. ಇನ್ನೊಬ್ಬ ಗಂಡಸಿನ ಕಡೆಗೆ ತೋರಿಸಿದರೆ ಹಗೆ. ಅಷ್ಟು ಹೊತ್ತು ನಿಂತುಕೊಳ್ಳುವವನು ಅದನ್ನು ಎಲ್ಲಿ ಊರಬೇಕು? ತನ್ನ ಎಡಪಾದದ ಮೇಲೆ ಊರುತ್ತಾನೆ. ಮೂತಿ ಬೂಟಿನ ಮೇಲೆ, ಹಿಂಬದಿಯ ಮರ ಎದೆಯ ಹತ್ತಿರ, ಅದರ ಮೇಲೆ ಎರಡೂ ಕೈ. ಅದೇ ನಮ್ಮೂರಿನ ಗಂಡಸಿನ ನಿಲುವು. ಪಟ ತೆಗೆಸಿಕೊಳ್ಳುವಾಗಲೂ ಹಾಗೇ ನಿಲ್ಲುತ್ತಾರೆ. ಕೋವಿ ಹಸಿದಿರಬಾರದು ಅನ್ನುವುದು ಇನ್ನೊಂದು ಮಾತು. ಅಂದರೆ ತೋಟಾ ಸದಾ ಒಳಗಿರಬೇಕು. ಹೀಗೆ ತುಂಬಿದ ಕೋವಿಯನ್ನು ಪಾದದ ಮೇಲೆ ಊರಿಕೊಂಡು ಅವರು ಎಲೆಯಡಿಕೆ ಹಾಕುತ್ತಾರೆ, ಆಕಳಿಸುತ್ತಾರೆ, ಬೆನ್ನು ತುರಿಸಿಕೊಳ್ಳುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಾ ತೊಡೆ ತಟ್ಟುತ್ತಾರೆ. ಎಲ್ಲೋ ಬೆರಳು ತಾಗುತ್ತದೆ, ಅಂಗಿಯ ಗುಂಡಿ ಸಿಕ್ಕಿಕೊಳ್ಳುತ್ತದೆ, ಈಡು ಹಾರುತ್ತದೆ. ನಾನು ಕಂಡಂತೆ ನಮ್ಮೂರಿನ ಕೋವಿಗಳು ಆ ಬಯಲಲ್ಲಿ ಒಂದು ಮೊಲವನ್ನೂ ಹೊಡೆದಿಲ್ಲ. ಹಾರಿದ ಈಡೆಲ್ಲ ಹಿಡಿದವನ ಕಾಲಿಗೇ.

ಗಾಯ ಅವನದು, ನೋವು ಅವನ ಹೆಂಗಸಿನದು. ಮದುವೆಯಾದವನಾದರೆ ಹೆಂಡತಿಗೆ, ಆಗದವನಾದರೆ ತಾಯಿಗೆ. ಜ್ವರ, ಹಲ್ಲುನೋವು, ಎಡವಿ ಬಿದ್ದದ್ದು ಅವರವರಿಗೇ. ಕೋವಿಯದು ಮಾತ್ರ ಹೀಗೆ. ಇದು ಯಾಕೆ ಅಂತ ಚಿಕ್ಕವಳಾಗಿದ್ದಾಗ ನಮ್ಮಮ್ಮನನ್ನು ಕೇಳಿದ್ದೆ. ಮೊಸರು ಕಡೆಯುತ್ತಿದ್ದವಳು, ಮಳೆ ಯಾಕೆ ಕೆಳಗೆ ಬೀಳುತ್ತೆ ಅಂತ ಕೇಳಿದ ಹಾಗಾಯಿತು ಅಂದಿದ್ದಳು.

ಹಾಗಾಗಿ ಗಂಡಸರಿಗೆ ಬೆರಳು ಹೋಗುವುದು ಒಂದು ಗೌರವ. ಹೋಟೆಲಿನಲ್ಲಿ ಬೆರಳು ಕೊಟ್ಟವರಿಗೆ ಬೇರೆ ಬೆಂಚಿದೆ. ಅವರು ಚಪ್ಪಲಿ ಬಿಟ್ಟು, ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕೂರುತ್ತಾರೆ. ಎಲ್ಲ ಬೆರಳೂ ಉಳಿಸಿಕೊಂಡವನನ್ನು ಹತ್ತು ಬೆರಳಿನವನು ಅಂತ ಕರೆಯುತ್ತಾರೆ. ನಮ್ಮಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ.

ಸಿದ್ಲಿಂಗಮ್ಮನ ಗಂಡ ಬೆರಳಿಗೆ ನಿಲ್ಲಲಿಲ್ಲ. ಗೋಡೆಯ ಮೆಟ್ಟಿಲು ಹತ್ತುವಾಗ ಕೋವಿ ಜಾರಿ ಈಡು ಪಕ್ಕೆಗೆ ನುಗ್ಗಿತು. ಮಾತಾಡುತ್ತಾ ಮಾತಾಡುತ್ತಾ ಹೋದನಂತೆ, ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲವಂತೆ. ಬದುಕಿದವನ ಗಾಯ ಮಾಯುತ್ತದೆ, ಅವನ ಹೆಂಗಸಿನ ನೋವೂ ಇಳಿಯುತ್ತದೆ. ಸತ್ತವನ ಗಾಯ ಮಾಯುವುದು ಹೇಗೆ? ಸಿದ್ಲಿಂಗಮ್ಮ ಪಕ್ಕೆ ಹಿಡಿದುಕೊಂಡೇ ಮುದುಕಿಯಾದಳು. ಪಕ್ಕೆ ಹಿಡಿದುಕೊಂಡೇ ನಗುತ್ತಾಳೆ.

ಅಷ್ಟರಲ್ಲಿ ಆಸ್ಪತ್ರೆಯ ಗಂಟೆ ಬಾರಿಸಿತು. ಹೊಲಿಗೆ ಹಾಕುವ ಮುಂಚೆ ಗಂಟೆ ಬಾರಿಸುವುದು ಕಾಂಪೌಂಡರ್ ನಮಗೆ ಮಾಡುವ ಉಪಕಾರ. ಕೇಳಿದ ಹೆಂಗಸು ಕೈಲಿದ್ದದ್ದನ್ನು ಕೆಳಗಿಟ್ಟು ಕೂರಬಹುದು. ಸಿದ್ಲಿಂಗಮ್ಮ ನನ್ನ ಎರಡೂ ಕೈಯನ್ನು ಹಿಡಿದುಕೊಂಡಳು. ಸೂಜಿ ಚುಚ್ಚಿ ಹೊರಗೆ ಬರುವುದು, ದಾರ ಎಳೆಯುವುದು, ಗಂಟು ಬಿಗಿಯುವುದು ಒಂದೊಂದೂ ತಿಳಿಯುತ್ತಿತ್ತು. ಅಲ್ಲಿ ಅವನು ಕಾಫಿ ಕುಡಿಯುತ್ತಿರುತ್ತಾನೆ ಅಂತಲೂ ತಿಳಿದಿತ್ತು. ಅವರಪ್ಪನೂ ಹಾಗೇ.

ಮಧ್ಯಾಹ್ನದ ಹೊತ್ತಿಗೆ ಕಂಠಿಯನ್ನು ಇಬ್ಬರು ಗೆಳೆಯರು ಹೆಗಲು ಕೊಟ್ಟು ಕರೆತಂದರು. ಹಿಂದೆ ನನ್ನ ಗಂಡ ಚನ್ನವೀರಪ್ಪನವರು ಎರಡು ಕೋವಿ ಹೊತ್ತುಕೊಂಡು ಬರುತ್ತಿದ್ದರು. ಅವರಿಗೆ ಎಡಗಾಲಿನಲ್ಲಿ ಈಗ ಉಳಿದಿರುವುದು ಎರಡೇ ಬೆರಳು. ಬೀದಿಗೆಲ್ಲ ಬೆಲ್ಲ ಹಂಚಿಸಿದರು. ಮಗ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಬ್ಯಾಂಡೇಜು ತೋರಿಸಿದ. "ನೋಡಮ್ಮ, ಹೆಬ್ಬೆರಳು ಪೂರ್ತಿ ಹೋಯ್ತು. ಅಪ್ಪಂದು ಮೊದಲ್ನೇ ಸಲ ಬರೀ ಕಿರುಬೆರಳಂತೆ." ಅವನ ಮುಖ ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡ ಹಾಗಿತ್ತು. ಆಮೇಲೆ ನನ್ನ ಮುಖ ಕಂಡು ಕೇಳಿದ, "ಜಾಸ್ತೀನಾ?" ನಾನು ಏನಾದರೂ ಹೇಳುವ ಮುಂಚೆ, "ಹಸಿವಾಗ್ತಿದೆ, ರೊಟ್ಟಿ ಇದೆಯಾ?" ಅಂದ. ಸೀದ ರೊಟ್ಟಿ ಇತ್ತು. ಅದನ್ನೇ ತಿಂದ. ಅವನು ಕೆಟ್ಟವನಲ್ಲ. ನನ್ನ ತಟ್ಟೆಯಲ್ಲಿ ತುಪ್ಪ ಕಡಿಮೆಯಿದ್ದರೆ ತನ್ನದರಿಂದ ತೆಗೆದು ಹಾಕುವ ಹುಡುಗ. ಇದೊಂದು ಮಾತ್ರ ಅವನಿಗೆ ಕಾಣುವುದಿಲ್ಲ.

ವಿಷಯ ತಿಳಿದು ಬೀಗರು ನೋಡಿಕೊಂಡು ಹೋಗಲು ಬಂದರು. ಪೇಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಹುಡುಗಿಯ ತಂದೆ ಮಲ್ಲೇಶಯ್ಯ ಹಿಟ್ಟಿನ ಗಿರಣಿ ನಡೆಸುವವರು. ಹತ್ತು ಬೆರಳಿನವರು. ಜಗುಲಿಯಲ್ಲಿ ಕೂತಾಗ ಪಂಚೆಯನ್ನು ಪಾದದ ಮೇಲೆ ಎಳೆದುಕೊಳ್ಳುತ್ತಾ ಇರುತ್ತಾರೆ. ಅವರ ಮನೆಯ ಹೆಣ್ಣನ್ನು ನಾವು ತಂದುಕೊಳ್ಳುವುದು ನನ್ನ ಗಂಡನಿಗೆ ಅಷ್ಟು ಇಷ್ಟವಿರಲಿಲ್ಲ. ಹುಡುಗಿಯನ್ನು ಕಂಠಿಯೇ ಮೆಚ್ಚಿದ್ದ. ಈಗ ಮಗ ಬೆರಳು ಕೊಟ್ಟ ಮೇಲೆ ನನ್ನ ಗಂಡನಿಗೆ ಧೈರ್ಯ ಬಂದಿತ್ತು. ಜಗುಲಿಯಿಂದ ಅವರ ಮಾತು ಒಳಗೆ ಕೇಳಿಸುತ್ತಿತ್ತು. ಗಿರಣಿಯಲ್ಲಿ ಬೆರಳು ಹೋಗದಂತೆ ಹುಷಾರಾಗಿರಬೇಕು ಬೀಗರೇ, ಹಾಗೆ ಹೋದರೆ ಲೆಕ್ಕಕ್ಕಿಲ್ಲ ಅಂತ ನನ್ನ ಗಂಡ ಚುಡಾಯಿಸಿದರು. ಮಲ್ಲೇಶಯ್ಯ ಎಲ್ಲರ ಜೊತೆ ತಾವೂ ನಕ್ಕರು.

ಅವರ ಮಗಳು ಅಂಬುಜ ಒಳಗೆ ನನ್ನ ಹತ್ತಿರ ಬಂದು ಕೂತಳು. ನಾನು ಕಾಲು ಚಾಚಿಕೊಂಡು ಮದುವೆಯ ಅಕ್ಕಿ ಆರಿಸುತ್ತಿದ್ದೆ. ಅವಳೂ ಮೊರದ ಇನ್ನೊಂದು ತುದಿಯಿಂದ ಆರಿಸತೊಡಗಿದಳು. ತೆಳ್ಳಗೆ, ಸ್ವಲ್ಪ ಉಬ್ಬುಹಲ್ಲು, ಕಲ್ಲು ಸಿಕ್ಕರೆ ಅದನ್ನು ಎಸೆಯದೆ ಪಕ್ಕದಲ್ಲಿ ಸಾಲಾಗಿ ಇಡುತ್ತಿದ್ದಳು.

"ಅತ್ತೆ, ಒಂದು ಕೇಳ್ಲಾ?"

"ಕೇಳು."

"ಎಷ್ಟು ನೋಯುತ್ತೆ?"

ಇದಕ್ಕೆ ಉತ್ತರ ಇದೆ. ಅಭ್ಯಾಸ ಆಗುತ್ತೆ ಅನ್ನಬೇಕು. ನಾನು ಕೇಳಿದಾಗ ನನ್ನ ಅತ್ತೆ ಅದನ್ನೇ ಅಂದಿದ್ದರು. ಅದು ನನ್ನ ಬಾಯಿಗೆ ಬರಲಿಲ್ಲ. ನಿಮ್ಮಮ್ಮನನ್ನು ಕೇಳಲಿಲ್ಲವಾ ಅಂದೆ.

ಅವಳು ಜಗುಲಿಯ ಕಡೆ ಒಂದು ಸಲ ನೋಡಿ ದನಿ ಇಳಿಸಿದಳು. "ಅಮ್ಮಂಗೆ ಈಡಿನ ನೋವು ಗೊತ್ತಿಲ್ಲ ಅತ್ತೆ. ಯಾರಿಗೂ ಹೇಳ್ಬೇಡಿ, ಅಪ್ಪನ ಮರ್ಯಾದೆ ಹೋಗುತ್ತೆ. ಗೋಡೆ ಹತ್ರ ಹೋಗೋ ಮುಂಚೆ ಅಪ್ಪ ತೋಟಾ ತೆಗೆದು ಜೇಬಿಗೆ ಹಾಕ್ಕೊಂಡ್ಬಿಡ್ತಾರೆ. ಬರೀ ಕೋವಿ ಊರ್ಕೊಂಡು ನಿಂತಿರ್ತಾರೆ."

"ಯಾಕೆ?"

"ಮದುವೆ ಆದ ಹೊಸದ್ರಲ್ಲಿ ತೋಟಾ ತುಂಬಿ ಕೋವಿ ಮುಚ್ಚುವಾಗ ಅವರ ಕೈಬೆರಳು ಸಂದೀಲಿ ಸಿಕ್ಕಿತ್ತಂತೆ. ಅಮ್ಮ ಒಳಗೆ ಕೂಗಿದ್ರಂತೆ. ಅದನ್ನ ಕೇಳಿ ಅಪ್ಪಂಗೆ ಊಟಾನೇ ಸೇರ್ಲಿಲ್ವಂತೆ. ಅಷ್ಟೇ, ಬೇರೆ ಏನೂ ಇಲ್ಲ."

ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕೈ ತನ್ನ ಪಾಡಿಗೆ ತಾನು ಆರಿಸುತ್ತಿತ್ತು. ಇಷ್ಟು ವರ್ಷ ಇದು ಗಾಳಿಯ ಹಾಗೆ, ಗೋಡೆಯ ಹಾಗೆ, ಯಾರೂ ಮಾಡಿದ್ದಲ್ಲ, ಯಾರೂ ತಪ್ಪಿಸಲಾರರು ಅಂತ ತಿಳಿದಿದ್ದೆ. ಪೇಟೆಯ ಹಿಂದಿನ ಬೀದಿಯಲ್ಲಿ ಒಬ್ಬಾತ ಅದನ್ನು ಒಂದು ಜೇಬಿನಲ್ಲಿ ಮುಗಿಸಿದ್ದ. ನನ್ನ ಗಂಡನ ಅಂಗಿಗೆ ಎರಡು ಜೇಬುಗಳಿವೆ. ನಾನೇ ಒಗೆಯುತ್ತೇನೆ. ಎಲೆಯಡಿಕೆಯ ಚೂರು, ಬೆಂಕಿಪೆಟ್ಟಿಗೆ, ಹಳೆಯ ಚೀಟಿ ಎಲ್ಲ ಸಿಕ್ಕಿವೆ. ನನಗೆ ಬಂದ ಮೊದಲ ಸಿಟ್ಟು ಗಂಡನ ಮೇಲೆ ಅಲ್ಲ, ಅಂಬುಜಳ ತಾಯಿಯ ಮೇಲೆ. ಜಗುಲಿಯ ಬಾಗಿಲ ಹತ್ತಿರ ದುಂಡಗೆ ಕೂತು ಚಕ್ಕುಲಿ ಮುರಿಯುತ್ತಿದ್ದ ಆ ಹೆಂಗಸು, ಕಾಲಿನ ಐದೂ ಬೆರಳು ಇರುವುದನ್ನು ಮರೆತು ಬದುಕಿದವಳು. ಅವಳು ಏನು ಪುಣ್ಯ ಮಾಡಿದ್ದಳು, ನಾನು ಏನು ಪಾಪ ಮಾಡಿದ್ದೆ? ಗಂಡನಿಗೆ ಊಟ ಸೇರಲಿಲ್ಲ, ಅಷ್ಟೇ. ನನ್ನ ಕೂಗು ಕೇಳಿದ ಮೇಲೆ ನನ್ನ ಗಂಡ ಎಂದೂ ಒಂದು ತುತ್ತು ಕಡಿಮೆ ಉಂಡಿದ್ದಿಲ್ಲ.

ಅಂಬುಜ ಎದ್ದು ಎಣ್ಣೆ ಬಟ್ಟಲು ತಂದು ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಲ್ಲಿ ಏನೂ ಇಲ್ಲ ಮಗಳೇ, ಉಜ್ಜಿದರೆ ಹೋಗುವಂಥದ್ದಲ್ಲ ಅಂದೆ. ಗೊತ್ತು ಅಂದಳು. ಆದರೂ ಉಜ್ಜಿದಳು. ಮದುವೆಯ ದಿನ ಈ ನೋವು ಹೀಗೇ ಹಸಿಯಾಗಿ ಅವಳಿಗೆ ಹೋಗಬೇಕು. ಅದನ್ನು ಕೈಯಿಂದ ಮುಟ್ಟಿ, ಎಷ್ಟು ದೊಡ್ಡದಿದೆ ಅಂತ ನೋಡಿಕೊಳ್ಳುತ್ತಿದ್ದಳು.

ಮಾರನೆಯ ದಿನ ಊಟಕ್ಕೆ ಬಡಿಸುತ್ತಾ ನಾನು ಬಾಯಿಬಿಟ್ಟೆ. ಮಲ್ಲೇಶಯ್ಯನವರ ಹೆಸರು ಎತ್ತಲಿಲ್ಲ. ಮದುವೆಯ ಓಡಾಟ ಇದೆ, ನನ್ನ ಕೈಕಾಲು ನಡೆಯಬೇಕು, ಮದುವೆ ಮುಗಿಯುವ ತನಕ ಇಬ್ಬರೂ ತೋಟಾ ತೆಗೆದಿಟ್ಟು ಗೋಡೆಗೆ ಹೋಗಬಾರದಾ ಅಂದೆ. ನನ್ನ ಗಂಡ ಕಲಸುತ್ತಿದ್ದ ಅನ್ನದಿಂದ ಕೈ ತೆಗೆದರು.

"ಹತ್ತು ಬೆರಳಿನೋರ ಮನೆ ಹೆಣ್ಣು ಇನ್ನೂ ಹೊಸಿಲು ತುಳಿದಿಲ್ಲ. ಆಗ್ಲೇ ಅವರ ಬುದ್ಧಿ ನಿಂಗೆ ಬಂತಾ?" ಅಂದರು. ದನಿಯೇರಿಸಿ ಅಲ್ಲ, ನಗುತ್ತಲೇ.

"ಶತ್ರು ಬಂದ್ರೆ ತೋಟಾ ಹಾಕೋಕೆ ಎಷ್ಟು ಹೊತ್ತು ಬೇಕು, ರೀ?"

"ಶತ್ರು ಮಾತು ಯಾರು ಆಡಿದ್ರು? ಹಸಿದ ಕೋವಿ ಹಿಡ್ಕೊಂಡು ಸಾಲಲ್ಲಿ ಹೆಂಗೆ ನಿಲ್ಲೋದು? ಪಕ್ಕದೋನು ಮುಖ ನೋಡಿದ್ರೆ ಏನು ಹೇಳ್ಲಿ?" ಆಮೇಲೆ ಸ್ವಲ್ಪ ಮೆತ್ತಗಾಗಿ, "ನಮ್ಮಮ್ಮ ಒಂದು ದಿನ ಬಾಯಿಬಿಟ್ಟೋಳಲ್ಲ," ಅಂದರು.

ಅವರ ತಾಯಿ ಬಾಯಿಬಿಡದೆ ಇದ್ದದ್ದು ನಿಜ. ಕೊನೆಗೆ ಹಲ್ಲು ಕಚ್ಚಿ ಕಚ್ಚಿ ಅವರ ದವಡೆ ಒಂದು ಕಡೆಗೆ ವಾಲಿಹೋಗಿತ್ತು. ಅದನ್ನು ಇವರು ಗಾಳಿ ಹೊಡೆದದ್ದು ಅಂತ ತಿಳಿದಿದ್ದಾರೆ.

ಕಂಠಿ ಇಬ್ಬರನ್ನೂ ನೋಡಿದ. ನೀರಿನ ಲೋಟವನ್ನು ನನ್ನ ಕಡೆ ಸರಿಸಿದ. "ಬಿಡಮ್ಮ, ಯಾಕೆ ಜಗಳ. ಇನ್ನೇನು ನಾಕು ದಿನ. ಆಮೇಲೆ ನಂದು ನಿಂಗಿಲ್ಲ. ಅಂಬುಜ ನೋಡ್ಕೋತಾಳೆ."

ನನ್ನನ್ನು ಸಮಾಧಾನ ಮಾಡುವುದಕ್ಕೆ ಆಡಿದ ಮಾತು ಅದು. ನಾನು ಅವನಿಗೆ ಇನ್ನೊಂದು ಸೌಟು ಸಾರು ಹಾಕಿದೆ. ನನ್ನ ಮನಸ್ಸು ಹಗುರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಹುಡುಗಿ ನನ್ನ ಕಾಲು ಉಜ್ಜಿದ್ದು ನೆನಪಿದ್ದೂ, ನಾಕು ದಿನ ಅನ್ನುವ ಮಾತು ಬಿಸಿಲಲ್ಲಿ ನಡೆದವಳ ತಲೆಯ ಮೇಲೆ ನೆರಳು ಬಿದ್ದ ಹಾಗೆ ಬಿತ್ತು. ಗಂಡನದು ಸಾಯುವ ತನಕ ನನ್ನದೇ. ಇದೊಂದಾದರೂ ಇಳಿಯಲಿ, ಇಳಿದು ಯಾರ ತಲೆಯ ಮೇಲಾದರೂ ಕೂರಲಿ ಅಂತ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಸಾರಿನ ಪಾತ್ರೆಯ ಜೊತೆಗೆ ಒಳಗೆ ತೆಗೆದುಕೊಂಡು ಹೋದೆ.

ಬೇರೆ ಊರುಗಳಲ್ಲಿ ಮದುವೆಯಲ್ಲಿ ಹೆಣ್ಣೊಪ್ಪಿಸುತ್ತಾರಂತೆ. ನಮ್ಮಲ್ಲಿ ಅದರ ಜೊತೆಗೆ ನೋವು ಒಪ್ಪಿಸುವ ಶಾಸ್ತ್ರವೂ ಇದೆ. ಧಾರೆಯಾದ ಮೇಲೆ ಗಂಡಿನ ತಾಯಿ ತನ್ನ ಎಡಪಾದವನ್ನು ಸೊಸೆಯ ಎಡಪಾದದ ಮೇಲಿಟ್ಟು ಬಿಟ್ಟೆ ಅನ್ನಬೇಕು. ಸೊಸೆ ಹಿಡಿದೆ ಅನ್ನಬೇಕು. ಚರ್ಮಕ್ಕೆ ಚರ್ಮ ತಾಗಬೇಕು, ನಡುವೆ ನೂಲಿನ ಎಳೆಯೂ ಬರಬಾರದು. ಅಷ್ಟೇ ಶಾಸ್ತ್ರ. ನನ್ನ ಅತ್ತೆ ನನ್ನ ಪಾದದ ಮೇಲೆ ಕಾಲಿಟ್ಟಾಗ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ್ದರು. ಬಿಟ್ಟೆ ಅಂದವರು ಅಲ್ಲಿಂದ ನೇರ ಹೋಗಿ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಮಲಗಿಬಿಟ್ಟರು. ಬೀಗರ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಹೊಸ ಸೊಸೆಯಾಗಿ ನಾನು ಅವರ ಮೇಲೆ ಹೊದಿಕೆ ಹಾಕಿದೆ. ಅಷ್ಟು ಸುಖವಾಗಿ ಮಲಗಿದ ಮನುಷ್ಯರನ್ನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಮದುವೆಯ ಹಿಂದಿನ ದಿನ ಸಿದ್ಲಿಂಗಮ್ಮ ನನ್ನ ಕಾಲಿಗೆ ಮದರಂಗಿ ಹಚ್ಚಿದಳು. ಗಂಡಿನ ತಾಯಿಗೆ ಹಚ್ಚುವುದು ಪದ್ಧತಿ. ಹಚ್ಚುತ್ತಾ ತನ್ನ ಚಿಕ್ಕಂದಿನ ಒಂದು ಮದುವೆಯ ಕಥೆ ತೆಗೆದಳು. ಆ ಗಂಡಿನ ತಾಯಿ ಅವಸರದಲ್ಲಿ ಒಣಗಿದ ಮದರಂಗಿಯನ್ನು ಉದುರಿಸದೆ ಹಾಗೇ ಕಾಲಿಟ್ಟಳಂತೆ. ಅವಳು ಬಿಟ್ಟೆ ಅಂದಳು, ಇವಳು ಹಿಡಿದೆ ಅಂದಳು, ನಡುವೆ ಮದರಂಗಿ. ನೋವು ತಾಯಿಯನ್ನು ಬಿಟ್ಟಿತ್ತು, ಸೊಸೆಗೆ ಸಿಕ್ಕಿರಲಿಲ್ಲ. ಗಂಡಿಗೂ ಆಗ ಹೀಗೇ ಕಾಲಿನ ಗಾಯ ಹಸಿಯಾಗಿತ್ತಂತೆ.

"ಆಮೇಲೆ?" ಅಂದೆ. ಈ ಕಥೆಯನ್ನು ನಾನು ಕೇಳಿರಲಿಲ್ಲ.

"ಆಮೇಲೇನು. ಬಾಸಿಂಗ ಕಟ್ಕೊಂಡೋನು ಹಸೆ ಮೇಲೆ ಉರುಳಾಡ್ಬಿಟ್ಟ. ಅವ್ವಾ ಅವ್ವಾ ಅಂತ ಹಸುಗೂಸಿನ ಹಾಗೆ. ದೆವ್ವ ಹಿಡೀತು ಅಂತ ವಾದ್ಯದೋರು ಎದ್ದು ಓಡಿದ್ರು." ಸಿದ್ಲಿಂಗಮ್ಮ ಪಕ್ಕೆ ಹಿಡಿದುಕೊಂಡು ನಕ್ಕಳು. "ಕಾಲು ತೊಳೆಸಿ ಮತ್ತೆ ಶಾಸ್ತ್ರ ಮಾಡಿಸಿದ ಮೇಲೆ ಸರಿಹೋಯ್ತು."

"ಅವನು ಆಮೇಲೆ ಗೋಡೆಗೆ ಹೋದ್ನಾ?"

ಅವಳ ನಗು ನಿಂತಿತು. ಮದರಂಗಿಯ ಕಡ್ಡಿಯನ್ನು ಬಟ್ಟಲಿನ ಅಂಚಿಗೆ ಒರೆಸಿದಳು. "ಹೋದ. ಕೋವೀನ ಮಗು ಎತ್ಕೊಂಡಂಗೆ ಎತ್ಕೊಂಡು ಹೋಗ್ತಿದ್ದ. ತೋಟಾ ಹಾಕಿದ್ನೋ ಇಲ್ವೋ ಯಾರು ಕಂಡ್ರು. ಸಾಯೋ ತನಕ ಇನ್ನೊಂದು ಬೆರಳು ಕೊಡ್ಲಿಲ್ಲ. ಎಲ್ರೂ ಆಡ್ಕೊಳ್ಳೋರು." ನನ್ನ ಕಾಲನ್ನು ನೋಡುತ್ತಲೇ ಅಂದಳು, "ನೀನು ನಾಳೆ ಚೆನ್ನಾಗಿ ಒತ್ತು ದಾಕ್ಷಿ. ಹಸೀ ನೋವು, ಅರ್ಧ ಉಳ್ಕೊಂಡ್ರೆ ಕಷ್ಟ. ಪೂರ್ತಿ ಬಿಟ್ಬಿಟ್ಟು ಹೋಗಿ ಮಲ್ಕೊ. ಆ ಮಗೂನ ನಾನು ನೋಡ್ಕೋತೀನಿ. ಮೊದಲನೇ ದಿನ ಹತ್ರ ಯಾರಾದ್ರೂ ಇರ್ಬೇಕು."

ಮದುವೆಯ ದಿನ ಚಪ್ಪರದ ತುಂಬ ಜನ. ಬೆರಳು ಕೊಟ್ಟವರು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಮಲ್ಲೇಶಯ್ಯ ಪಂಚೆಯನ್ನು ಪಾದದ ಮೇಲೆ ಎಳೆದುಕೊಳ್ಳುತ್ತಾ ಮಗಳ ಹಿಂದೆ ನಿಂತಿದ್ದರು. ಧಾರೆ ಮುಗಿಯಿತು. ಅಕ್ಷತೆ ಬಿತ್ತು. ಸಿದ್ಲಿಂಗಮ್ಮ ಒದ್ದೆ ಬಟ್ಟೆ ತಂದು ನನ್ನ ಎಡಪಾದವನ್ನೂ ಅಂಬುಜಳದನ್ನೂ ಚೆನ್ನಾಗಿ ಒರೆಸಿ, ಎರಡು ಬೆರಳಿನಿಂದ ಸವರಿ ನೋಡಿ, ಸರಿಯಾಗಿದೆ ಅಂತ ಪುರೋಹಿತರ ಕಡೆ ತಲೆಯಾಡಿಸಿ ಹಿಂದೆ ಸರಿದಳು. ಅಂಬುಜ ನನ್ನೆದುರು ನಿಂತಳು. ಧಾರೆ ಸೀರೆಯ ಅಂಚಿನಿಂದ ಅವಳ ಪಾದ ಇಣುಕಿತು. ಸಣ್ಣ ಪಾದ, ಬೆರಳುಗಳನ್ನು ಒಳಗೆ ಮಡಿಚಿಕೊಂಡಿದ್ದಳು. ಪೆಟ್ಟು ಬೀಳುವ ಮುಂಚೆ ಮಕ್ಕಳು ಅಂಗೈ ಮಡಿಚಿಕೊಳ್ಳುತ್ತವಲ್ಲ, ಹಾಗೆ.

ನನ್ನ ಹೆಬ್ಬೆರಳು ಉರಿಯುತ್ತಿತ್ತು. ಹೊಲಿಗೆಯ ಒಂದೊಂದು ಗಂಟೂ ಬೇರೆ ಬೇರೆಯಾಗಿ ಎಳೆಯುತ್ತಿತ್ತು. ಉಗ್ರಾಣದ ಬಾಗಿಲು ನನಗೆ ಕಾಣುತ್ತಿತ್ತು, ಒಳಗೆ ಅಕ್ಕಿಯ ಮೂಟೆಗಳು. ಒತ್ತಿ, ಬಿಟ್ಟು, ಹೋಗಿ ಮಲಗಬಹುದು. ಎಚ್ಚರವಾಗುವ ಹೊತ್ತಿಗೆ ಈ ಹುಡುಗಿ ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಸೆರಗು ಕಚ್ಚಿಕೊಂಡಿರುತ್ತಾಳೆ, ಅವಳ ಮುಖ ನೋಡಿ ನನ್ನ ಮಗ ಜಾಸ್ತೀನಾ ಅಂತ ಕೇಳಿ ಊಟಕ್ಕೆ ಕೂರುತ್ತಾನೆ. ಬಿಡದೆ ನಾನೇ ಇಟ್ಟುಕೊಳ್ಳಬಹುದು. ಆಗಲೂ ಅವನು ಊಟಕ್ಕೆ ಕೂರುತ್ತಾನೆ.

ಕಂಠಿ ಬಾಸಿಂಗದ ಕೆಳಗಿಂದ ನನ್ನ ಕಡೆ ನೋಡಿ ನಕ್ಕ. ಇನ್ನೊಂದು ಗಳಿಗೆ ಅಮ್ಮ, ನಿನಗೆ ಬಿಡುಗಡೆ ಅನ್ನುವ ನಗು. ಅವನ ಬ್ಯಾಂಡೇಜಿನ ಮೇಲೂ ಯಾರೋ ಅರಿಸಿನ ಹಚ್ಚಿದ್ದರು. ಅದರೊಳಗಿನ ಗಾಯ ಎಷ್ಟು ನೋಯುತ್ತದೆ ಅಂತ ಈ ಚಪ್ಪರದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನ ಕಾಲಿಗೂ ಗೊತ್ತಿಲ್ಲ. ಅವನು ಹುಟ್ಟಿದ ದಿನ ನಾನು ಅನುಭವಿಸಿದ್ದಕ್ಕಿಂತ ಅದು ಕಡಿಮೆಯೇ. ಆದರೂ ಅದು ಅವನಿಗೇ ಮರಳಿದರೆ ಅವನು ಬೀಳುತ್ತಾನೆ, ಮದರಂಗಿಯ ಕಥೆಯ ಗಂಡಿನ ಹಾಗೆ. ಅಮ್ಮಾ ಅಂತ ಕೂಗುತ್ತಾನೆ. ಆ ಕೂಗು ಕೇಳಿಸಿಕೊಂಡು ನಾನು ಸುಮ್ಮನೆ ನಿಂತಿರಬೇಕು. ಶಾಸ್ತ್ರವನ್ನು ಸಂಜೆಯೊಳಗೆ ಮತ್ತೆ ಮಾಡಿಸುತ್ತಾರೆ. ಮಾಡಿಸಲಿ, ಆಗಲೂ ಕಾಲಿಡುವವಳು ನಾನೇ ತಾನೆ. ಮುಂದಿನ ಸಾಲಿನಲ್ಲಿ ನನ್ನ ಗಂಡ ಎರಡು ಬೆರಳಿನ ಕಾಲನ್ನು ಅಲ್ಲಾಡಿಸುತ್ತಾ ಪಕ್ಕದವರಿಗೆ ಏನೋ ಹೇಳಿ ನಗಿಸುತ್ತಿದ್ದರು.

"ಹೇಳಮ್ಮ," ಅಂದರು ಪುರೋಹಿತರು.

ನಾನು ಸೀರೆಯ ನೆರಿಗೆಯನ್ನು ಸ್ವಲ್ಪ ಸಡಿಲಿಸಿದೆ. ಅದು ಇಳಿದು ನನ್ನ ಪಾದವನ್ನೂ ಅವಳ ಪಾದವನ್ನೂ ಮುಚ್ಚಿತು. ನೆರಿಗೆಯ ಒಳಗೆ ಎಡಗಾಲನ್ನು ಮುಂದಕ್ಕೆ ತಂದು ಅವಳ ಪಾದದ ಮೇಲೆ ಹಿಡಿದೆ, ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ ಬಿಟ್ಟು. ಎಡಗಾಲನ್ನು ಎಲ್ಲಿಗೂ ತಾಗಿಸದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುವುದನ್ನು ಗಂಡನ ಮನೆ ನನಗೆ ಚೆನ್ನಾಗಿ ಕಲಿಸಿತ್ತು. ಭಾರಕ್ಕೆ ಕಾದಿದ್ದ ಅಂಬುಜ, ಭಾರ ಬೀಳದ್ದು ಕಂಡು, ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಅವಳ ಕಡೆ ತಿರುಗಲಿಲ್ಲ. ಮಗನನ್ನೇ ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ, "ಬಿಟ್ಟೆ," ಅಂದೆ.